ರೊಟ್ಟಿಯ ಲೆಕ್ಕದಲ್ಲಿ ಗ್ಯಾಸು

ನನ್ನ ನೆನಪನ್ನು ನಾನು ನಂಬುವುದಿಲ್ಲ. ಮನೆಯಿಂದ ಹೊರಟು ಓಣಿಯ ತಿರುವು ಮುಟ್ಟುವಷ್ಟರಲ್ಲಿ, ಗ್ಯಾಸ್ ಬಂದ್ ಮಾಡಿದೆನೇ ಎಂಬ ಅನುಮಾನ ಹುಟ್ಟಿ ಮರಳಿ ಬಂದು ನೋಡುತ್ತೇನೆ. ಪ್ರತಿಸಲವೂ ಬಂದ್ ಮಾಡಿಯೇ ಇರುತ್ತೇನೆ. ಮರುದಿನ ಮತ್ತೆ ಅದೇ ತಿರುವು, ಅದೇ ಅನುಮಾನ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ನಾನು ಗಳಿಸಿದ್ದು ಇದೊಂದೇ: ಏನನ್ನೂ ಪರೀಕ್ಷಿಸದೆ ನಂಬಬಾರದು. ಆದರೆ ಬೇರೆಯವರಿಗೆ ಸಲಹೆ ಕೊಡುವಾಗ ಮಾತ್ರ ಈ ವಿದ್ಯೆ ಎಲ್ಲಿ ಅಡಗುತ್ತದೋ ತಿಳಿಯದು.

ಕಮರಿಪೇಟೆಯ ನೀಲಕ್ಕ ನಮ್ಮ ಮನೆಗೂ ನಾಲ್ಕಾರು ಖಾನಾವಳಿಗಳಿಗೂ ಜೋಳದ ರೊಟ್ಟಿ ಮಾಡಿ ಕೊಡುತ್ತಾಳೆ. ಎರಡು ಒಲೆ, ಒಂದರ ಮುಂದೆ ಅವಳು, ಇನ್ನೊಂದರ ಮುಂದೆ ಕೂಲಿಗೆ ಬರುವ ಕಾಶವ್ವ. ಸಿಲಿಂಡರಿನ ದರ ಏರುತ್ತಲೇ ಇತ್ತು, ರೊಟ್ಟಿಯ ದರ ಏರಿಸಿದರೆ ಗಿರಾಕಿಗಳು ಮುಖ ತಿರುಗಿಸುತ್ತಿದ್ದರು. ಹೀಗೇ ನಡೆದರೆ ಕಾಶವ್ವನನ್ನು ಬಿಡಿಸಬೇಕಾಗುತ್ತದೆ ಎಂಬ ಚಿಂತೆ ನೀಲಕ್ಕನಿಗೆ. ಅಷ್ಟರಲ್ಲಿ ಅವಳ ಓಣಿಗೆ ಪೈಪಿನ ಗ್ಯಾಸು ಬಂತು. ಅರ್ಜಿ ಕೊಡಲು ಶನಿವಾರವೇ ಕಡೆಯ ದಿನ.

“ಸರ, ನೀವು ಓದಿದವರು. ಪೈಪ್ ಹಾಕಿಸ್ಲೇನ್ರಿ, ಬ್ಯಾಡೇನ್ರಿ?” ಎಂದು ರೊಟ್ಟಿ ತರಲು ಹೋಗಿದ್ದ ನನ್ನನ್ನು ಕೇಳಿದಳು.

“ಬ್ಯಾಡ ನೀಲಕ್ಕ. ಅದು ಸಿಲಿಂಡರಿಗಿಂತ ತುಟ್ಟಿ, ಮ್ಯಾಲಿಂದ ಮ್ಯಾಲೆ ಏರಾಕತ್ತೈತಿ” ಎಂದುಬಿಟ್ಟೆ.

ಅವಳು ಅರ್ಜಿಯನ್ನು ಮಡಚಿ ಹಿಟ್ಟಿನ ಡಬ್ಬಿಯ ಕೆಳಗಿಟ್ಟಳು. ಅವಳ ಓಣಿಯ ತಿರುವಿನಲ್ಲಿ ಎಂದಿನಂತೆ ನನಗೆ ಅನುಮಾನ ಬಂತು. ಈ ದರ ನನಗೆ ಹೇಳಿದ್ದು ಯಾರು? ದೇಶಪಾಂಡೆ ನಗರದ ನಮ್ಮ ಮನೆಯಲ್ಲಿ ಉರಿಯುವುದು ಪೈಪಿನ ಗ್ಯಾಸೇ, ಆದರೆ ಬಿಲ್ಲು ಬರುವುದು ಹೆಂಡತಿಯ ಮೊಬೈಲಿಗೆ. ಅದನ್ನು ನಾನು ಒಮ್ಮೆಯೂ ನೋಡಿದವನಲ್ಲ. ಆಟೋ ನಿಲ್ದಾಣದಲ್ಲಿ ಹಳೆಯ ಪರಿಚಯದ ಆಟೋ ಚಾಲಕ ಇಮಾಮಸಾಬ ಸಿಕ್ಕ. ಪೈಪಿನ ಗ್ಯಾಸು ತುಟ್ಟಿ ಹೌದೇ ಎಂದು ಅವನನ್ನೇ ಕೇಳಿದೆ. ಅವನು ನಕ್ಕುಬಿಟ್ಟ.

“ಅಯ್ಯ ಸರ, ಆ ಮಾತು ನಾನ ನಿಮಗ ಹೇಳಿದ್ದಲ್ರಿ? ಅದು ನಮ್ಮ ಆಟೋದ ಗ್ಯಾಸಿನ ದರ. ಅದೂ ಹೋದ ವರ್ಷದ್ದು!”

“ಎರಡೂ ಒಂದ ಗ್ಯಾಸ್ ಅಲ್ಲೇನೋ?”

“ಗ್ಯಾಸ್ ಒಂದ ಇರಬಹುದ್ರಿ. ದರ ಹ್ಯಾಂಗ ಒಂದ ಆಗತೈತಿ?”

ಅವನ ಮಾತು ಖರೆ. ಕೋಟ್ಯಂತರ ವರ್ಷ ನೆಲದಡಿ ಹೂತುಹೋಗಿದ್ದ ಸಣ್ಣ ಜೀವಿಗಳ ಉಸಿರಿನಂಥ ಈ ಅನಿಲವನ್ನು ಆಟೋಗೆ ಒತ್ತಿ ತುಂಬುತ್ತಾರೆ, ಮನೆಗೆ ಪೈಪಿನಲ್ಲಿ ಹರಿಸುತ್ತಾರೆ, ಹಡಗಿನಲ್ಲಿ ತರುವಾಗ ವಿಪರೀತ ತಂಪು ಮಾಡಿ ದ್ರವವಾಗಿಸುತ್ತಾರೆ. ಕಲ್ಲಿದ್ದಲಿಗಿಂತ ಚೊಕ್ಕ ಎಂದು ಹೊಗಳುವವರಿದ್ದಾರೆ, ಇದೂ ಉರಿದರೆ ಇಂಗಾಲವೇ ಎಂದು ಬೈಯುವವರಿದ್ದಾರೆ. ನಾನು ಎರಡೂ ಕಡೆಯವನು. ಎಲ್ಲೋ ದೂರದ ಸಮುದ್ರದಲ್ಲಿ ಯುದ್ಧದ ಸುದ್ದಿ ಹುಟ್ಟಿದರೆ ಕಮರಿಪೇಟೆಯ ರೊಟ್ಟಿಯ ಹಂಚಿಗೆ ಅದರ ಬಿಸಿ ತಟ್ಟುತ್ತದೆ. ಅಂಥ ಚಂಚಲ ದರವನ್ನು ನಾನು ಒಂದು ವರ್ಷ ತಲೆಯಲ್ಲಿಟ್ಟು, ಹಳಸಿದ ಮೇಲೆ ಬಡಿಸಿ ಬಂದಿದ್ದೆ.

ಇನ್ನು ನೆನಪನ್ನು ಕೇಳುವುದೇ ಬೇಡ, ಮೀಟರನ್ನೇ ಕೇಳೋಣ ಎಂದು ಹಟ ಹಿಡಿದೆ. ನೀಲಕ್ಕನ ಮನೆಗೆ ಮರಳಿ ಹೋಗಿ ತಪ್ಪೊಪ್ಪಿಕೊಂಡೆ. “ನಾಳೆ ಶುಕ್ರವಾರ ನಮ್ಮ ಮನಿಗೆ ಬರ್ರಿ. ನಮ್ಮ ಪೈಪಿನ ಮ್ಯಾಲೆ ನೂರು ರೊಟ್ಟಿ ಬಡೀರಿ” ಎಂದೆ. ಸಿಲಿಂಡರಿನ ಲೆಕ್ಕ ಅವಳ ಬಳಿ ಮೊದಲೇ ಇತ್ತು. ಸಿಲಿಂಡರಿನಲ್ಲಿ ಎಷ್ಟು ಕಿಲೋ ಎಂಬುದು ಅವಳಿಗೆ ಬೇಕಿಲ್ಲ. ಒಂದು ಸಿಲಿಂಡರಿಗೆ ಎಷ್ಟು ನೂರು ರೊಟ್ಟಿ ಎಂದು ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆಯುತ್ತಾಳೆ. ವ್ಯಾಪಾರಕ್ಕೆ ಹಾಕಿಸುವವರಿಗೆ ಪೈಪಿನ ದರ ಬೇರೆ. ಅದು ಅವಳ ಅರ್ಜಿಯ ಹಿಂದೆಯೇ ಅಚ್ಚಾಗಿ, ಹಿಟ್ಟಿನ ಡಬ್ಬಿಯ ಕೆಳಗೆ ಕೂತಿತ್ತು. ನಾವಿಬ್ಬರೂ ತಿರುವಿ ನೋಡಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ನೀಲಕ್ಕ ತನ್ನದೇ ಹಿಟ್ಟು, ತನ್ನದೇ ಹಂಚುಗಳು ಮತ್ತು ಆ ಅರ್ಜಿಯೊಂದಿಗೆ ಬಂದಳು. ಜೊತೆಗೆ ಕಾಶವ್ವ. ನಾನು ಮೀಟರಿನ ಮುಂದೆ ಚೀಟಿ ಪೆನ್ನು ಹಿಡಿದು ನಿಂತೆ.

“ಇಷ್ಟು ವರ್ಷದಾಗ ಇವರು ಅಡಗಿಮನ್ಯಾಗ ಮಾಡಿದ್ದು ಇದೊಂದ ಕೆಲಸ ನೋಡ್ರಿ” ಎಂದಳು ನನ್ನ ಹೆಂಡತಿ. ನೀಲಕ್ಕ ನಕ್ಕಳು. ಕಾಶವ್ವ ನಗಲಿಲ್ಲ, ಮೀಟರಿನತ್ತ ಕಣ್ಣೂ ಹಾಯಿಸಲಿಲ್ಲ. ತಲೆ ತಗ್ಗಿಸಿ ಬಡಿಯುತ್ತಲೇ ಇದ್ದಳು.

ನೂರನೆಯ ರೊಟ್ಟಿ ಇಳಿದ ಮೇಲೆ ಅರ್ಜಿಯ ಹಿಂದಿನ ದರದಲ್ಲಿ ಲೆಕ್ಕ ಹಾಕಿದೆ. ಅನುಮಾನ ಬಂದು ಮತ್ತೊಮ್ಮೆ ಹಾಕಿದೆ. ಎರಡು ಸಲವೂ ಪೈಪೇ ಸೋವಿ. ಉಳಿತಾಯ ದೊಡ್ಡದಲ್ಲ, ಆದರೆ ಕಾಶವ್ವನ ಕೂಲಿ ಗಿಟ್ಟುವಷ್ಟು ಇತ್ತು.

“ನಾಳೆ ಇದರ ದರಾನೂ ಏರಿದ್ರ?” ನನ್ನ ಬಾಯಿ ಸುಮ್ಮನಿರಲಿಲ್ಲ.

“ಏರಿದ್ರ ಮತ್ತ ಗೆರಿ ಎಣಸೂಣ್ರಿ ಸರ” ಎಂದ ನೀಲಕ್ಕ ಕೈಗೆ ಮೆತ್ತಿದ ಹಿಟ್ಟು ಒರೆಸಿಕೊಂಡು ಅರ್ಜಿಗೆ ಸಹಿ ಹಾಕಿದಳು. “ಏ ಕಾಶಿ, ಸೋಮವಾರ ಲಗೂ ಬಾ.”

ಈಗ ಅವಳ ಗೋಡೆಯಲ್ಲಿ ಪೈಪಿನ ಗೆರೆಗಳೂ ಸೇರಿವೆ. ತಿಂಗಳಿಗೊಮ್ಮೆ ಹೋಗಿ ಮೀಟರ್ ನೋಡಿ, ಅಲ್ಲೇ ನಿಂತು ಬರೆದುಕೊಳ್ಳುತ್ತೇನೆ. ತಲೆಯಲ್ಲಿಟ್ಟು ಮನೆಗೆ ತರುವುದನ್ನು ಬಿಟ್ಟಿದ್ದೇನೆ. ಅವಳ ಓಣಿಯ ತಿರುವಿನಲ್ಲಿ ನನ್ನ ಕಾಲುಗಳು ಎಂದಿನಂತೆ ನಿಲ್ಲುತ್ತವೆ. ಹಿಂದಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತದೆ, ಒಂದಲ್ಲ, ಎರಡು ಜೋಡಿ ಕೈಗಳದು. ಅದನ್ನು ಕೇಳಿಸಿಕೊಂಡು, ಮರಳಿ ನೋಡದೆ ಮುಂದೆ ನಡೆಯುತ್ತೇನೆ.