ಮುಟ್ಟದೆ ಕಳಿಸಿದ ಶಾಫ್ಟುಗಳು

ನಮ್ಮ ಯಜಮಾನರ ಮೊಂಡುತನಕ್ಕೆ ಮದ್ದಿಲ್ಲ. ಮೀಸೆ ಮೂಡುವ ಮೊದಲೇ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ನಿಂತವರು. ಪಂಪಿನೊಳಗೆ ತಿರುಗುವ ಸರಳು, ಅಂದರೆ ಶಾಫ್ಟು, ಕಡೆಯುವಾಗ ಕೂದಲೆಳೆಯಷ್ಟು ದಪ್ಪ ಉಳಿಸಿಕೊಂಡು, ಕೊನೆಗೆ ಎಮರಿ ಪೇಪರಿನಿಂದ ಉಜ್ಜಿ ಅಳತೆಗೆ ತರುತ್ತಿದ್ದರು. ಆ ಉಜ್ಜುವ ಕೆಲಸವನ್ನು ಮಾತ್ರ ಯಾರಿಗೂ ಬಿಟ್ಟವರಲ್ಲ.

ನಮ್ಮ ವರ್ಕ್‌ಶಾಪು ನಡೆಯುತ್ತಿದ್ದುದೇ ಒಂದು ಪಂಪ್ ಕಾರ್ಖಾನೆಯ ಆರ್ಡರಿನಿಂದ. ಬರಬರುತ್ತಾ ಕಾರ್ಖಾನೆಯವರು, ನೂರಕ್ಕೆ ನೂರೂ ಒಂದೇ ಅಳತೆ ಇರಬೇಕೆಂದು ಪಟ್ಟು ಹಿಡಿದರು. ಬೀದಿಯ ಆಚೆ ತುದಿಯ ಷೆಡ್ಡಿನವರು ಆಗಲೇ ಕಂಪ್ಯೂಟರ್ ಲೇತ್ ತಂದು ನಮ್ಮ ಅರ್ಧ ಕೆಲಸ ಕಿತ್ತುಕೊಂಡಿದ್ದರು. ಮಗಳ ಕಾಟ ತಾಳಲಾರದೆ ಇವರೂ ಒಂದು ತಂದರು. ಅದನ್ನು ನಡೆಸಲು ಕಲಿತವಳೂ ಅವಳೇ.

ಹೊಸ ಯಂತ್ರದಲ್ಲಿ ಕಡೆದ ಮೊದಲ ಲೋಡು ಪೂರ್ತಿ ವಾಪಸ್ ಬಂತು. ಎಲ್ಲವೂ ಅಳತೆಗಿಂತ ಸಣ್ಣ. ಇನ್ನೊಮ್ಮೆ ಹೀಗಾದರೆ ಆರ್ಡರು ಆಚೆ ಷೆಡ್ಡಿಗೆ ಎಂದು ಕಾರ್ಖಾನೆಯವರು ಹೇಳಿ ಕಳಿಸಿದರು. ಇವರು ಯಂತ್ರಕ್ಕೆ ಬೈದರು, ಮಾರಿದವನ ವಂಶಕ್ಕೆಲ್ಲ ಬೈದರು, ಮಗಳನ್ನೂ ಬಿಡಲಿಲ್ಲ. ಅವಳು ಊಟ ಬಿಟ್ಟು ತನ್ನ ಲೆಕ್ಕ ಮತ್ತೆ ಮತ್ತೆ ನೋಡಿದಳು, ತಪ್ಪೇ ಸಿಗಲಿಲ್ಲ.

ಎರಡನೇ ಲೋಡು ತಯಾರಾದ ಮಧ್ಯಾಹ್ನ ಇವರನ್ನು ಊಟಕ್ಕೆ ಕರೆಯಲು ಹೋದೆ. ವರ್ಕ್‌ಶಾಪಿನಲ್ಲಿ ಬೇರೆ ಯಾರೂ ಇಲ್ಲ. ಮಹಾರಾಯರು ಹಳೇ ಲೇತಿಗೆ ಹೊಸ ಶಾಫ್ಟು ಕಟ್ಟಿ ಎಮರಿ ಪೇಪರ್ ಹಿಡಿದು ನಿಂತಿದ್ದಾರೆ.

"ಏನ್ರೀ ಇದು?"

"ಕೈ ಸವರದೆ ಹೇಗೆ ಕಳಿಸೋದೇ? ಮನಸ್ಸು ಒಪ್ಪಲ್ಲ," ಎಂದರು.

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಈ ಯಂತ್ರ ಉಜ್ಜುವುದಕ್ಕೆಂದು ಏನೂ ಉಳಿಸುವುದಿಲ್ಲ, ನೇರ ಅಳತೆಗೇ ಕಡೆಯುತ್ತದೆ ಎಂದು ಮಗಳು ಎಷ್ಟು ಸಲ ಬಡಕೊಂಡಿದ್ದಳು! ಮೊದಲ ಲೋಡನ್ನೂ ಹೀಗೇ ಸವರಿ ಸವರಿ ಸಣ್ಣ ಮಾಡಿದವರು ನೀವು, ಬೈಸಿಕೊಂಡವಳು ಅವಳು ಎಂದೆ. ಅವರು ಪೇಪರ್ ಕೆಳಗಿಟ್ಟರು. ಮಗಳನ್ನು ಕರೆದು, ತಪ್ಪು ತನ್ನದೇ ಎಂದು ಒಪ್ಪಿಕೊಂಡರು.

ಅವರು ಸವರುತ್ತಿದ್ದ ಅದೊಂದನ್ನು ಪಕ್ಕಕ್ಕಿಟ್ಟು ಉಳಿದವನ್ನು ಹಾಗೇ ಕಳಿಸಿದೆವು. ಒಂದೂ ವಾಪಸ್ ಬರಲಿಲ್ಲ. ಮುಂದಿನ ವರ್ಷದ ಆರ್ಡರೂ ನಮಗೇ ಸಿಕ್ಕಿತು. ಮಗಳು ಕುಣಿದಾಡಿದಳು. ಇವರು ಮಾತ್ರ ಸ್ಟೂಲಿನ ಮೇಲಿಂದ ಏಳಲಿಲ್ಲ.

"ನಾನು ಮುಟ್ಟಿದ್ದು ವಾಪಸ್ ಬಂತು, ಮುಟ್ಟದೇ ಇದ್ದಿದ್ದು ಪಾಸಾಯ್ತು. ಇನ್ನು ನಾನ್ಯಾಕೆ ಇಲ್ಲಿಗೆ ಬರ್ಬೇಕು?"

ಸಮಾಧಾನದ ಮಾತು ನನಗೆ ಬರುವುದಿಲ್ಲ. "ಒಂದೇ ಕಾರ್ಖಾನೆ ನಂಬ್ಕೊಂಡು ಎಷ್ಟು ದಿನ? ಇನ್ನು ನಾಲ್ಕು ಕಡೆ ಬಾಗಿಲು ತಟ್ಟಿ ಕೆಲಸ ತನ್ನಿ. ಆ ಮೆಷಿನ್ನಿಗೆ ಕಾಲಿಲ್ಲ ಕಣ್ರೀ," ಎಂದೆ.

ಇವರು ಎದ್ದು, ಕೈ ತೊಳೆದು, ಅಂಗಿ ಬದಲಿಸಿ ಮಗಳ ಹತ್ತಿರ ಹೋದರು.

"ನಿಂದೊಂದು ಶಾಫ್ಟ್ ಕೊಡಮ್ಮ. ತೋರಿಸ್ಕೊಂಡು ಬರ್ತೀನಿ."