ಪಂಚೆಯ ಆ ಕಡೆಯ ತುದಿ

ಅಕ್ಟೋಬರ್‌ನಲ್ಲಿ ಮರುಭೂಮಿಯ ಕಡೆಯಿಂದ ಬಿಸಿಗಾಳಿ ಎದ್ದರೆ ಸ್ಯಾನ್ ಡಿಯಾಗೋದಲ್ಲಿ ಎಲ್ಲರಿಗೂ ಕಾಡ್ಗಿಚ್ಚಿನ ಭಯ. ನಿರುಪಮಾಗೆ ಮಾತ್ರ ಸಂಡಿಗೆಯ ಆತುರ. ಊರಲ್ಲಿ ಯುಗಾದಿಯ ಬಿಸಿಲಿಗೆ ಇಡುವ ಸಂಡಿಗೆ ಇಲ್ಲಿ ದೀಪಾವಳಿಗೆ ಮುಂಚೆ ಗರಿಗರಿಯಾಗಿ ಒಣಗುತ್ತದೆಂದು ಕಂಡುಹಿಡಿದವಳು ತಾನೇ ಎಂಬ ಜಂಬ ಅವಳಿಗೆ. ಆರ್ಟೀಸಿಯಾದ ಇಂಡಿಯನ್ ಅಂಗಡಿಯಿಂದ ಸಬ್ಬಕ್ಕಿ ತಂದು, ಹಿತ್ತಿಲಲ್ಲಿ ಗಂಡ ಗಿರೀಶನ ಹಳೇ ಪಂಚೆ ಹಾಸಿ ಇಡುತ್ತಿದ್ದಳು. ಸಂಜೆ ಪಂಚೆಯನ್ನು ಒಳಗೆ ತರುವಾಗ ಎರಡು ತುದಿ ಅವಳದು, ಎರಡು ಅವನದು. "ಜೋಲ್ತಾ ಇದೆ, ಎಳ್ದು ಹಿಡೀರಿ" ಎಂದು ಅವಳು ರೇಗುವುದು, ಒಳಗೆ ಬಂದಮೇಲೆ ಅವನು ಅರೆ ಒಣಗಿದ್ದೊಂದನ್ನು ಕದ್ದು ಬಾಯಿಗೆ ಹಾಕಿಕೊಳ್ಳುವುದು ಪ್ರತಿವರ್ಷದ ಕಥೆ.

ಈ ಬೇಸಿಗೆಯಲ್ಲಿ ಗಿರೀಶನಿಗೆ ಸ್ಟ್ರೋಕ್ ಆಯಿತು. ಬಲಭಾಗ ಬಿದ್ದುಹೋಗಿದೆ, ಮಾತಿಲ್ಲ.

"ಸಂಡಿಗೆ ಈ ವರ್ಷ ಬೇಡ ಬಿಡಿ ಆಂಟಿ" ಎಂದಳು ಪಕ್ಕದ ಮನೆಯ ಪ್ರೇರಣಾ.

"ಯಾಕೆ, ಬಿಸಿಲಿಗೂ ಲಕ್ವ ಹೊಡ್ದಿದ್ಯಾ?" ಎಂದು ನಿರುಪಮಾ ಅವಳ ಬಾಯಿ ಮುಚ್ಚಿಸಿದಳು.

ಆದರೆ ಆಸ್ಪತ್ರೆಯ ಓಡಾಟದಲ್ಲಿ ನವೆಂಬರ್ ಬಂದೇಬಿಟ್ಟಿತು. ಕೊನೆಗೊಂದು ಬೆಳಿಗ್ಗೆ, ಬಿಸಿಗಾಳಿ ಇನ್ನೂ ಬೀಸುತ್ತಿರುವಾಗ, ಸಂಡಿಗೆ ಇಟ್ಟಳು. ಮಧ್ಯಾಹ್ನ ಗಾಳಿ ತಿರುಗಿತು. ಸಮುದ್ರದ ಕಡೆಯಿಂದ ಥಂಡಿ ನುಗ್ಗಿತು, ಬೆಳಕು ಮಂಕಾಯಿತು, ತಿಂಗಳುಗಟ್ಟಲೆ ಮುಖ ತೋರಿಸದ ಮಳೆ ಹನಿಯತೊಡಗಿತು. ಓಡಿಹೋಗಿ ಪಂಚೆಯ ಎರಡು ತುದಿ ಎತ್ತಿದಳು.

"ರೀ, ಬನ್ರೀ ಬೇಗ, ಆ ಕಡೆ ಹಿಡ್ಕೊಳ್ಳಿ!"

ಕೂಗಿದ ಮೇಲೆ ನೆನಪಾಯಿತು. ತಲೆಯೆತ್ತಿದರೆ, ಗಾಜಿನ ಬಾಗಿಲಾಚೆ ವೀಲ್‌ಚೇರಿನಲ್ಲಿ ಗಿರೀಶ. ಅವನ ಎಡಗೈ ನಿಧಾನವಾಗಿ ಮೇಲೆದ್ದು, ಬರಿಗಾಳಿಯಲ್ಲಿ ಏನನ್ನೋ ಬಿಗಿಯಾಗಿ ಹಿಡಿಯಿತು.

ನಿರುಪಮಾ ತನ್ನ ತುದಿಗಳನ್ನು ಬಿಡಲಿಲ್ಲ. ಸಂಡಿಗೆ ಕರಗಿ ಮತ್ತೆ ಗಂಜಿಯಾಗುವವರೆಗೂ ಇಬ್ಬರೂ ಹಾಗೇ ಹಿಡಿದುಕೊಂಡಿದ್ದರು.