ಅವ್ವನ ಎಡಗಿವಿ

ನಮ್ಮವ್ವ ಬಸುರಿಯರ ಹೊಟ್ಟೆಯ ಮೇಲೆ ಎಡಗಿವಿ ಇಟ್ಟು ಕೂಸಿನ ಎದೆಬಡಿತ ಕೇಳುತ್ತಿದ್ದಳು. ನ್ಯಾಮತಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಹೆರಿಗೆ ಮಾಡಿಸುತ್ತಿದ್ದವಳು ಅವಳೊಬ್ಬಳೇ. ಬಲಗಿವಿ ಯಾಕೆ ಇಡುವುದಿಲ್ಲ ಎಂದು ಕೇಳಿದರೆ, "ಅದು ನಿಮ್ಮಜ್ಜಿ ಬೈಗಳ ಕೇಳಾಕೆ" ಎನ್ನುತ್ತಿದ್ದಳು. ಅಜ್ಜಿ ಎಂದರೆ ಅವಳ ಅತ್ತೆ, ಅಪ್ಪನ ತಾಯಿ. ಆ ಕಿವಿಗೂ ಕೆಲಸ ಕಡಿಮೆ ಇರಲಿಲ್ಲ.

ಯುದ್ಧದ ಕಾಲ, ಸೀಮೆಎಣ್ಣೆಗೂ ಬರ. ಚನ್ನಗಿರಿ ಕಡೆ ಕೊಟ್ಟಿದ್ದ ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ದಿನ ತುಂಬುತ್ತಾ ಬಂದಿತ್ತು. ಒಂದು ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಿದ್ದಾಗ, "ನಿನ್ನೆಯಿಂದ ಕೂಸು ಒದೀತಾನೇ ಇಲ್ಲವ್ವಾ" ಎಂದೆ. ಅವಳು ಕೈಯ ಹಿಟ್ಟು ಕೊಡವಿ, ನನ್ನನ್ನು ಚಾಪೆಯ ಮೇಲೆ ಮಲಗಿಸಿ ಕಿವಿ ಇಟ್ಟಳು. ಆ ಕಡೆ ಇಟ್ಟಳು, ಈ ಕಡೆ ಇಟ್ಟಳು, ಹೊಕ್ಕುಳ ಕೆಳಗೂ ಇಟ್ಟಳು. ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದರೂ ಏಳಲಿಲ್ಲ. ಕೊನೆಗೆ ಎದ್ದು ಕೂತು, ಎಡಗಿವಿಗೆ ಕಿರುಬೆರಳು ಹಾಕಿ ಅಲ್ಲಾಡಿಸಿದಳು.

"ಈ ಕಿವಿ ಕಟ್ಟೈತೆ ಮಗಾ. ಮೊನ್ನೆ ತಲೆಗೆ ಹಾಕ್ಕೊಂಡಾಗ ನೀರು ಹೋಗೈತೆ. ಏನೂ ಕೇಳ್ತಿಲ್ಲ."

"ಬಲಗಿವಿ ಇಡು."

"ಅದ್ರಾಗೆ ನಂಗೆ ಗುರ್ತು ಸಿಗಲ್ಲ. ತಲೆ ಕೆಳಗೆ ಬಂದ ಕೂಸಿಗೆ ಒದಿಯಾಕೆ ಜಾಗ ಎಲ್ಲೈತೆ? ಸುಮ್ನೆ ಮಲಗೈತೆ ಬಿಡು."

ನಂಬಿದೆ. ಅವಳು ಕೇಳಿ ಹೇಳಿದ ಮಾತನ್ನು ಊರೆಲ್ಲ ನಂಬುತ್ತಿತ್ತು, ನಾನು ಯಾವ ದೊಡ್ಡವಳು.

ಅಂದಿನಿಂದ ಮನೆಯಲ್ಲಿ ಅವ್ವನ ಕಿವಿಯದೇ ಮಾತು. ಕಿವಿ ಕಟ್ಟಿತು ಎಂದು ಒಬ್ಬರ ಹತ್ತಿರ ಬಾಯಿ ಬಿಟ್ಟರೆ ಸಾಕು, ಊರಿಗೆ ಊರೇ ವೈದ್ಯರಾಗುತ್ತಾರೆ. ಅಜ್ಜಿ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಬಿಟ್ಟಳು. ಪಕ್ಕದ ಮನೆಯಾಕೆ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಟ್ಟಳು. ಇನ್ನೊಬ್ಬಳು ಕೆಂಡದ ಮೇಲೆ ಓಂಕಾಳು ಉದುರಿಸಿ ಕಿವಿಗೆ ಹೊಗೆ ಹಿಡಿದಳು. ಊರಿಗೆಲ್ಲ ಮದ್ದು ಹೇಳುತ್ತಿದ್ದ ಅವ್ವ ಎದುರಾಡದೆ ಎಲ್ಲರಿಗೂ ತಲೆ ಓರೆ ಮಾಡಿ ಕೊಡುತ್ತಿದ್ದಳು. ಒಂದೊಂದು ಮದ್ದು ಮುಗಿದ ಕೂಡಲೇ ನನ್ನ ಹತ್ತಿರ ಬಂದು, ಸೆರಗು ಸರಿಸಿ, ಹೊಟ್ಟೆಗೆ ಕಿವಿ ಇಡುತ್ತಿದ್ದಳು. "ಇನ್ನೂ ಬಿಟ್ಟಿಲ್ಲ" ಎಂದು ಎದ್ದು ಹೋಗುತ್ತಿದ್ದಳು.

"ಎದೆಹಾಲು ಎರಡು ಹನಿ ಬಿಟ್ರೆ ಎಂಥಾ ಕಿವಿನೂ ಬಿಡ್ತೈತೆ" ಎಂದಳು ಅಜ್ಜಿ. "ಕೇರಿಯಾಗೆ ಈಗ ಬಾಣಂತಿ ಯಾರೂ ಇಲ್ಲ. ಇರ್ಲಿ, ನಿನ್ ಮಗಳೇ ಇನ್ನೇನು ಹಡೀತಾಳೆ. ಅವಳ ಹಾಲೇ ಹಾಕಿಸ್ಕೊಳ್ಳುವಂತೆ."

ಅವ್ವ ಎದ್ದು ಹಿತ್ತಲಿಗೆ ಹೋದಳು.

ಯಾವ ಮದ್ದಿಗೂ ಬಗ್ಗದಾಗ ಅಪ್ಪ ಗಾಡಿ ಕಟ್ಟಿ ಅವಳನ್ನು ಹೊನ್ನಾಳಿಯ ಆಸ್ಪತ್ರೆಗೆ ಕರೆದುಕೊಂಡು ಹೊರಟ. ನನ್ನನ್ನೂ ಕರೆದೊಯ್ಯಬೇಕೆಂದು ಅವ್ವ ಹಟ ಹಿಡಿದಳು. ದಿನ ತುಂಬಿದವಳನ್ನು ಗಾಡಿಯಲ್ಲಿ ಕುಲುಕಿಸಬಾರದೆಂದು ಅಜ್ಜಿ ಬಿಡಲಿಲ್ಲ. ಸಂಜೆ ಗಾಡಿ ಬಂದಾಗ ಅವ್ವ ನನ್ನ ಮುಖ ನೋಡದೆ ಕೊಟ್ಟಿಗೆ ಕಡೆ ನಡೆದಳು. ಅಪ್ಪ ಜಗಲಿಯಲ್ಲಿ ಕೂತು ಅಜ್ಜಿಗೆ ಹೇಳಿದ್ದು ಒಳಗಿದ್ದ ನನಗೆ ಕೇಳಿಸಿತು.

"ಡಾಕ್ಟ್ರು ಬ್ಯಾಟ್ರಿ ಬಿಟ್ಟು ನೋಡಿದ್ರು. ಏನೂ ಇಲ್ಲ, ಎರಡು ಕಿವಿನೂ ಚೆನ್ನಾಗಿ ಕೇಳ್ತಾವೆ ಅಂದ್ರು. ಇವಳು ಬಿಡ್ಲಿಲ್ಲ. ಇನ್ನೊಂದ್ಸಾರಿ ನೋಡ್ರಿ, ಒಳಗೆ ಏನಾರ ಇದ್ದೇ ಐತೆ ಅಂತ ಕಾಲು ಹಿಡ್ಕಂಡ್ಲು. ಪಿಚಕಾರಿ ಹಾಕಿ ತೊಳೆದ್ರು. ಬರೀ ನೀರು ಬಂತು."

ಎಂಥ ಮಾತಿಗೂ ಎದುರು ಮಾತಿದ್ದ ಅಜ್ಜಿ ಎದ್ದು ಒಳಗೆ ಬಂದು, ನನ್ನ ಹೊಟ್ಟೆಯನ್ನೊಮ್ಮೆ ನೋಡಿ ಒಲೆಗೆ ಸೌದೆ ತುರುಕಿದಳು. ಅವ್ವ ನನಗೆ ಸುಳ್ಳು ಹೇಳಿದಳೆಂದು ಮೊದಲು ಸಿಟ್ಟೇ ಬಂತು, ಪಾತ್ರೆ ಎತ್ತಿ ಒಗೆಯುವಷ್ಟು ಸಿಟ್ಟು. ಆದರೆ ಬರೀ ನನಗೆ ಸುಳ್ಳು ಹೇಳಲು ಅವಳು ಡಾಕ್ಟರ ಕಾಲು ಹಿಡಿಯಬೇಕಿರಲಿಲ್ಲ. ತನ್ನ ಕಿವಿ ಕೆಟ್ಟಿದೆ ಎಂದು ಅವರ ಬಾಯಲ್ಲಿ ಹೇಳಿಸಿಕೊಳ್ಳಲು ಹೋಗಿದ್ದಳು. ಕಿವಿ ಕೆಟ್ಟಿದ್ದರೆ ಕೂಸು ಬದುಕಿದೆ ಎಂದು ಅರ್ಥ.

ಊಟಕ್ಕೆ ಕೂತಾಗ, "ಕಿವಿ ಹೆಂಗೈತವ್ವಾ?" ಎಂದೆ.

"ಹಂಗೇ ಐತೆ ಮಗಾ" ಎಂದು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. ನಾನು ಅಷ್ಟನ್ನೂ ತಿಂದೆ.

ನೋವು ಬಂದಾಗ ಕೂಸನ್ನು ಅವಳೇ ಹಿಡಿದಳು. ಗಂಡು. ತಲೆತುಂಬ ಕೂದಲು. ಅಳಲಿಲ್ಲ. ಅದರ ಜೀವ ಹೊಟ್ಟೆಯೊಳಗೇ ಹೋಗಿ ದಿನಗಳಾಗಿದ್ದವು. ಆದರೂ ಅವ್ವ ಅದರ ಪುಟ್ಟ ಎದೆಗೆ ಎಡಗಿವಿ ಇಟ್ಟು, ಅಜ್ಜಿ ಬಂದು ಭುಜ ಹಿಡಿದು ಎಬ್ಬಿಸುವ ತನಕ ಹಾಗೇ ಇದ್ದಳು. ಅಪ್ಪ ತನ್ನ ಮಡಿಸಿಟ್ಟ ಪಂಚೆಯಲ್ಲಿ ಸುತ್ತಿ ಹೊಲದ ಕಡೆ ಎತ್ತಿಕೊಂಡು ಹೋದ.

ಆಮೇಲೆ ಹಾಲು ಬಂತು. ಕುಡಿಯುವವರು ಇಲ್ಲವೆಂದು ಎದೆಗೆ ಯಾರು ಹೇಳಬೇಕು. ಕಲ್ಲಿನ ಹಾಗೆ ಬಿಗಿದು, ರವಿಕೆಯೆಲ್ಲ ತೊಯ್ದು, ಜ್ವರ ಬಂತು. ಎದೆಗೆ ಮಲ್ಲಿಗೆ ಹೂ ಕಟ್ಟಿಕೊಂಡರೆ ಹಾಲು ಬತ್ತುತ್ತದೆ ಎಂದು ಪಕ್ಕದ ಮನೆಯಾಕೆ ತಂದುಕೊಟ್ಟಳು. ಹಿಂಡಿ ತೆಗೆದು ಗಿಡದ ಬುಡಕ್ಕೆ ಚೆಲ್ಲು ಎಂದಳು ಅಜ್ಜಿ. ನನ್ನ ಕೂಸಿನ ಹಾಲನ್ನು ಮಣ್ಣಿಗೆ ಚೆಲ್ಲಲು ನನಗೆ ಆಗಲಿಲ್ಲ. ಯಾರನ್ನೂ ಹತ್ತಿರ ಬಿಡದೆ ಗೋಡೆ ಕಡೆ ತಿರುಗಿ ಕೂತಿದ್ದೆ.

ಅವ್ವ ಬಂದಳು. ಪಕ್ಕದಲ್ಲಿ ಕೂತು, ನನ್ನ ತೊಡೆಯ ಮೇಲೆ ತಲೆಯಿಟ್ಟು, ಎಡಗಿವಿ ಮೇಲೆ ಮಾಡಿ ಮಲಗಿದಳು.

"ಈ ಕಿವಿ ಇನ್ನೂ ಬಿಟ್ಟಿಲ್ಲ ಮಗಾ. ಎರಡು ಹನಿ ಹಾಕು."

ಆ ಕಿವಿಯಲ್ಲಿ ಏನೂ ಇಲ್ಲವೆಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು. ಅವಳ ಕೂದಲು ಹಿಂದೆ ಸರಿಸಿ, ಬಗ್ಗಿ, ಹಿಂಡಿದೆ. ಕಿವಿ ತುಂಬಿ, ಕೆನ್ನೆಯ ಮೇಲೆ ಹರಿದು, ನನ್ನ ಸೀರೆಗೆ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

"ಸಾಕಾ ಅವ್ವಾ?"

"ಇನ್ನೂ ಹಾಕು" ಎಂದಳು.